ಎದುರು ಬಾಗಿಲಿನ ಕರಾಂಕ

ವಾಲ್ದೆಲೀಸ್ ಗಟ್ಟಿಗಿತ್ತಿ. ಮೀನು ಹುರಿಯುವಾಗ ಕಾದ ಎಣ್ಣೆ ಮುಂಗೈಗೆ ಸಿಡಿದರೆ ಲಂಗಕ್ಕೆ ಒರೆಸಿಕೊಂಡು ಮಾತು ಮುಂದುವರಿಸುತ್ತಾಳೆ. ಗಂಡ ಬಿಟ್ಟುಹೋದ ದಿನವೂ ಅವಳ ಬಾಣಲೆ ಒಲೆಯಿಂದ ಇಳಿಯಲಿಲ್ಲ. ಆದರೆ ಮನೆಯಲ್ಲಿ ಒಂದು ಮಗು ಕೆಮ್ಮಿದರೆ ಸಾಕು, ಅವಳ ಜೀವ ಬಾಯಿಗೆ ಬರುತ್ತದೆ. ಹೆತ್ತ ಮೂವರಲ್ಲಿ ಇಬ್ಬರು ವರ್ಷ ತುಂಬುವ ಮೊದಲೇ ಹೋದರು. ಉಳಿದವಳು ಜುಸಿಲೇನಿ ಒಬ್ಬಳೇ, ಅವಳ ಮಗಳು ತೈನಾ. ಆ ಮೊಮ್ಮಗಳಿಗಾಗಿಯೇ ವಾಲ್ದೆಲೀಸ್ ಆ ದೊಡ್ಡ ಮರದ ಮೋರೆಯನ್ನು ಕೊಂಡು ತಂದದ್ದು. ತಂದು ಎಂಥ ಅನಾಹುತ ಮಾಡಿಕೊಂಡಳು ಎನ್ನುವುದನ್ನು ನನ್ನಷ್ಟು ಹತ್ತಿರದಿಂದ ಕಂಡವರಿಲ್ಲ, ಏಕೆಂದರೆ ಈ ದಾಲ್ವಾಳ ದಿನಸಿ ಅಂಗಡಿ ಅವಳ ಮನೆಗೆ ಅಂಟಿಕೊಂಡೇ ಇದೆ.

ನಮ್ಮದು ನದಿಯ ನಡುವಿನ ನಡುಗಡ್ಡೆ. ಒಂದೇ ಬೀದಿ, ಅದೂ ಇಕ್ಕಟ್ಟು. ವಾಲ್ದೆಲೀಸಳ ಬಾಗಿಲಿಗೆ ಸರಿಯಾಗಿ ಎದುರು ಕಿತೇರಿಯಳ ಬಾಗಿಲು. ಕಿತೇರಿಯ ದೋಣಿ ನಡೆಸುತ್ತಾಳೆ. ಗಂಡ ಸತ್ತ ಮೇಲೆ ಅವನ ಮೋಟಾರು ದೋಣಿಯನ್ನು ಮಾರಿಬಿಡು ಎಂದು ಊರೆಲ್ಲ ಬುದ್ಧಿ ಹೇಳಿತು. ಅವಳು ಅದಕ್ಕೆ ನೀಲಿ ಬಣ್ಣ ಬಳಿದು ತಾನೇ ಚುಕ್ಕಾಣಿ ಹಿಡಿದಳು. ಈ ಇಬ್ಬರು ಹೆಂಗಸರು ಒಬ್ಬರ ಕಾಫಿ ಇನ್ನೊಬ್ಬರ ಲೋಟದಲ್ಲಿ ಎನ್ನುವ ಹಾಗೆ ಬದುಕಿದವರು. ವಾಲ್ದೆಲೀಸಳ ಎರಡು ಪುಟ್ಟ ಶವಪೆಟ್ಟಿಗೆಗಳನ್ನು ಆಚೆ ದಡದ ಸ್ಮಶಾನಕ್ಕೆ ಸಾಗಿಸಿದ್ದೂ ಅದೇ ದೋಣಿ.

ಕಿತೇರಿಯಳಿಗೆ ಮಕ್ಕಳಿಲ್ಲ. ತೈನಾ ಹುಟ್ಟಿದ ಮೇಲೆ ದೋಣಿ ಕಟ್ಟಿ ಬಂದವಳು ಮೊದಲು ಮಗುವನ್ನು ಎತ್ತಿಕೊಳ್ಳುತ್ತಿದ್ದಳು, ಆಮೇಲೆ ಕಾಲು ತೊಳೆಯುತ್ತಿದ್ದಳು. ಒಂದು ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಹಾಗೆಯೇ ಎತ್ತಿಕೊಂಡು ಕುಣಿಸಿದಳು.

"ಅಯ್ಯೋ ನನ್ನ ಬಂಗಾರವೇ, ಎಷ್ಟು ದುಂಡುದುಂಡಗಿದೀಯೇ! ಈ ತೊಡೆ ನೋಡೇ ದಾಲ್ವಾ, ಹಿಟ್ಟು ನಾದಿ ಇಟ್ಟ ಹಾಗಿದೆ. ಇಡೀ ನದಿಯಲ್ಲಿ ಇಂಥ ಮಗು ಇಲ್ಲ!"

ಅಷ್ಟರಲ್ಲಿ ದಡದಿಂದ ಪ್ರಯಾಣಿಕರು ಸಿಳ್ಳೆ ಹಾಕಿದರು. ಅವಳು ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಓಡಿದಳು. ಹೇಳಬೇಕಾದ ಮಾತು ಬಾಯಲ್ಲೇ ಉಳಿಯಿತು. ನಮ್ಮಲ್ಲಿ ಮಗುವನ್ನು ಹೊಗಳಿದವರು ಅದೇ ಉಸಿರಿನಲ್ಲಿ 'ದೇವರು ಕಾಪಾಡಲಿ' ಎನ್ನಲೇಬೇಕು. ಅನ್ನದಿದ್ದರೆ ಆ ಹೊಗಳಿಕೆ ದೃಷ್ಟಿಯಾಗಿ ಮಗುವಿಗೆ ತಾಗುತ್ತದೆ. ವಾಲ್ದೆಲೀಸಳ ಮುಖ ಬಿಳಿಚಿಕೊಂಡದ್ದು ನನಗೆ ಕಾಣಿಸಿತು.

ಆ ವಾರವೇ ಮಗುವಿಗೆ ಜ್ವರ, ಭೇದಿ. ಸೊಪ್ಪಿನ ಕಷಾಯ ಕುಡಿಸಿದರು, ಮಂತ್ರ ಹಾಕುವ ಮುದುಕಿಯಿಂದ ಎಲೆಯ ನಿವಾಳಿ ತೆಗೆಸಿದರು. ಮಗು ಸುಧಾರಿಸಿಕೊಂಡಿತು, ಆದರೆ ಆ ತೊಡೆ ಮತ್ತೆ ಮೊದಲಿನಂತಾಗಲಿಲ್ಲ.

"ಕಿತೇರಿಯ ಬೇಕಂತ ಮಾಡಿಲ್ಲ ಕಣೇ," ಎಂದೆ ನಾನು.

"ಬೇಕಂತ ಮಾಡ್ಲಿ, ಬಿಡ್ಲಿ. ಮಕ್ಕಳಿಲ್ಲದವಳ ಕಣ್ಣು ಅದು. ನಂದು ಎರಡು ಹೋಗಿವೆ ದಾಲ್ವಾ, ಮೂರನೇದನ್ನ ಬಿಟ್ಟುಕೊಡಲ್ಲ."

ಮಾರನೆಯ ದಿನ ಅವಳು ಆಚೆ ದಡದ ಪೆಟ್ರೊಲೀನ ಪಟ್ಟಣಕ್ಕೆ ಹೊರಟಳು, ನನ್ನನ್ನೂ ಎಳೆದುಕೊಂಡು. ಕರಾಂಕ ಕೆತ್ತುವ ಒಲೆಗಾರಿಯೊ ಎಂಬ ಮೇಸ್ತ್ರಿಯ ಕಾರ್ಖಾನೆಗೆ. ಕರಾಂಕ ಎಂದರೆ ಹಿಂದೆ ನಮ್ಮ ನದಿಯ ದೋಣಿಗಳ ಮೂತಿಯಲ್ಲಿ ಕೂರಿಸುತ್ತಿದ್ದ ಮರದ ಮೋರೆ. ಅರ್ಧ ಸಿಂಹ, ಅರ್ಧ ಮನುಷ್ಯ, ಕೆಂಪು ಬಾಯಿ, ಬಿಳಿ ಕೋರೆ, ಗುಡ್ಡೆ ಹೊರಬಂದ ಕಣ್ಣು. ನೀರಿನೊಳಗಿನ ಕೆಟ್ಟದ್ದು ಅದನ್ನು ನೋಡಿ ಹೆದರಿ ಓಡಬೇಕು. ಈಗ ಜನ ಅಂಗೈಯಗಲದ್ದನ್ನು ಕೊಂಡು ಬಾಗಿಲ ಮೇಲೆ ಇಡುತ್ತಾರೆ, ಅಷ್ಟೆ. ವಾಲ್ದೆಲೀಸ್ ಚಿಕ್ಕವನ್ನೆಲ್ಲ ದಾಟಿಕೊಂಡು ಮೂಲೆಗೆ ಹೋಗಿ ನಿಂತಳು. ಅಲ್ಲಿ ಅವಳ ಎದೆಯೆತ್ತರದ ಒಂದು ಕೂತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಇದು ಮನೆಗಲ್ಲ ತಾಯಿ," ಎಂದ ಮೇಸ್ತ್ರಿ. "ಹೋಟೆಲಿನವರೊಬ್ಬರು ಕೇಳಿದ್ರು, ಆಮೇಲೆ ಗಿರಾಕಿಗಳು ಹೆದರ್ತಾರೆ ಅಂತ ಬಿಟ್ಟುಹೋದ್ರು."

"ನಂಗೆ ಇದೇ ಬೇಕು."

"ಯಾವ ಕಡೆ ಮುಖ ಮಾಡಿ ಇಡ್ತೀಯ?"

"ಬಾಗಿಲಾಚೆಗೆ. ಬೀದಿಗೆ."

"ದೋಣಿಯಲ್ಲಾದ್ರೆ ನೀರನ್ನ ನೋಡುತ್ತೆ. ಬೀದಿಯಲ್ಲಾದ್ರೆ ಎದುರುಮನೆ ನೋಡುತ್ತೆ. ಎದುರುಮನೇಲಿ ಯಾರಿದಾರೆ?"

ವಾಲ್ದೆಲೀಸ್ ದುಡ್ಡು ತೆಗೆದು ಎಣಿಸತೊಡಗಿದಳು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಅವನ ಗರಗಸ ನೋಡಿದೆ.

ಇಷ್ಟು ಭಾರದ್ದನ್ನು ನಡುಗಡ್ಡೆಗೆ ತರುವುದು ಹೇಗೆ? ಹೇಳಿಕೊಳ್ಳಲು ನನಗೇ ನಾಚಿಕೆಯಾಗುತ್ತದೆ, ಅದು ಬಂದದ್ದು ಕಿತೇರಿಯಳ ದೋಣಿಯಲ್ಲೇ. ದಡದಲ್ಲಿ ಅದನ್ನು ನೋಡಿ ಅವಳು ಚಪ್ಪಾಳೆ ತಟ್ಟಿದಳು. "ಹೊಸ ಒಲೆ ತರ್ತೀನಿ ಅಂದವಳು ಹೊಸ ಗಂಡನ್ನ ತಂದಿದಾಳೆ ನೋಡ್ರಪ್ಪಾ! ಹಳೇವನಿಗಿಂತ ಚೆಲುವ!" ಎಂದು ನಕ್ಕಳು. ತಾನೇ ಹಗ್ಗ ಬಿಗಿದು ಅದನ್ನು ದೋಣಿಯ ಮೂತಿಗೆ ಕಟ್ಟಿದಳು. ನೀರಿನ ಮೇಲೆ ಆ ಮೋರೆ ಬರುತ್ತಿದ್ದರೆ ದಡದ ಜನ ಕೂಗಿ ಕುಣಿದರು. ಬೀದಿಯವರೆಗೂ ಹೆಗಲು ಕೊಟ್ಟವರಲ್ಲಿ ಕಿತೇರಿಯಳೂ ಒಬ್ಬಳು.

ಜಗಲಿಯ ಮೇಲೆ ಇಳಿಸಿದ ಮೇಲೆ ವಾಲ್ದೆಲೀಸ್ ಅದರ ಮುಖವನ್ನು ತಿರುಗಿಸಿದಳು. ಸ್ವಲ್ಪ ಎಡಕ್ಕೆ, ಮತ್ತೆ ಸ್ವಲ್ಪ. ನದಿಯ ಕಡೆ ತಿರುಗಿಸಬಹುದಿತ್ತು, ಚರ್ಚಿನ ಕಡೆ ತಿರುಗಿಸಬಹುದಿತ್ತು. ಎದುರು ಬಾಗಿಲಿಗೆ ನೇರವಾದ ಮೇಲೆ ಕೈ ಬಿಟ್ಟಳು.

ಕಿತೇರಿಯ ಬೆವರು ಒರೆಸಿಕೊಳ್ಳುತ್ತಿದ್ದಳು. ಕರಾಂಕದ ಮುಖ ನೋಡಿದಳು, ಅದು ನೋಡುತ್ತಿದ್ದ ತನ್ನ ಬಾಗಿಲು ನೋಡಿದಳು.

"ಸರಿಯಾಗಿದೆಯಾ ವಾಲ್ದೆಲೀಸ್?" ಎಂದು ಕೇಳಿದಳು.

"ಸರಿಯಾಗಿದೆ."

"ಹಾಗಾದ್ರೆ ಆಯ್ತು," ಎಂದು ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಊರಿಗೆ ಬೇರೆ ಸಾಕ್ಷಿ ಬೇಕೇ? ಇಷ್ಟು ವರ್ಷದ ಗೆಳತಿಯೇ ಇಷ್ಟು ದೊಡ್ಡದನ್ನು ತಂದು ಅವಳ ಎದುರಿಗಿಟ್ಟಿದ್ದಾಳೆ ಎಂದರೆ ಅವಳ ಕಣ್ಣು ಎಷ್ಟು ಕೆಟ್ಟದ್ದಿರಬೇಕು ಎಂಬ ಗಾಳಿಮಾತು ಎದ್ದಿತು. ಬಸುರಿಯರು ಕಿತೇರಿಯಳ ದೋಣಿ ಬಿಟ್ಟರು. ಆಮೇಲೆ ಮಕ್ಕಳಿರುವವರು ಬಿಟ್ಟರು. ಕೊನೆಗೆ ಮಾವಿನ ತೋಟಕ್ಕೆ ಕೆಲಸಕ್ಕೆ ಹೋಗುವ ಗಂಡಸರೂ ಬೇರೆ ದೋಣಿ ಹತ್ತಿದರು. ನೀಲಿ ದೋಣಿ ಬೆಳಿಗ್ಗೆಯಿಂದ ಸಂಜೆಯವರೆಗೆ ದಡದಲ್ಲಿ ತೂಗಾಡುತ್ತ ನಿಂತಿತು. ನನ್ನ ಅಂಗಡಿಗೆ ಬಂದು ಆ ಮಾತೆತ್ತಿದವರಿಗೆ ಸಕ್ಕರೆ ಮುಗಿದಿದೆ ಎಂದು ಹೇಳಿ ಕಳಿಸಿದೆ. ಬೇರೇನು ಮಾಡಲಿ?

ಕಿತೇರಿಯ ಜಗಳವಾಡಲಿಲ್ಲ. ಆಚೆ ದಡದಿಂದ ಇಟ್ಟಿಗೆ ತಂದು ತನ್ನ ಬಾಗಿಲನ್ನು ತಾನೇ ಕಟ್ಟಿ ಮುಚ್ಚತೊಡಗಿದಳು. ದಿನಾ ಸಂಜೆ ಒಂದೊಂದು ಸಾಲು.

"ಇದೇನೇ ಹುಚ್ಚು?" ಎಂದು ಕೇಳಿದೆ.

"ದಿನಾ ಅದರ ಕಣ್ಣೆದುರೇ ಓಡಾಡ್ಬೇಕಾ ನಾನು? ನದಿ ಕಡೆ ಇನ್ನೊಂದು ಬಾಗಿಲು ಒಡೀತೀನಿ. ಅವಳ ಮಗೂನೂ ಕ್ಷೇಮ, ನಾನೂ ಕ್ಷೇಮ."

ವಾಲ್ದೆಲೀಸ್ ಮೀನು ಹುರಿಯುತ್ತಲೇ ಆ ಗೋಡೆ ಏರುವುದನ್ನು ನೋಡುತ್ತಿದ್ದಳು. ಗೋಡೆ ಸೊಂಟದ ಎತ್ತರಕ್ಕೆ ಬಂದಾಗ ತೈನಾಳಿಗೆ ಮತ್ತೆ ಭೇದಿ ಶುರುವಾಯಿತು.

ಅದು ಆಗಸ್ಟ್. ನಮ್ಮಲ್ಲಿ ಗಾಳಿಯ ತಿಂಗಳು, ಮಳೆ ಬರುವುದು ವರ್ಷದ ಕೊನೆಗೆ. ನದಿ ಬೆಳಿಗ್ಗೆಯಿಂದಲೇ ಬಿಳಿ ನೊರೆ ಕಾರುತ್ತಿತ್ತು. ಮಗುವಿನ ತಾಯಿ ಜುಸಿಲೇನಿ ಆಚೆ ದಡದಲ್ಲಿ ಹಣ್ಣು ತುಂಬುವ ಕೆಲಸಕ್ಕೆ ಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ವಾಲ್ದೆಲೀಸ್ ಮಗುವನ್ನೆತ್ತಿಕೊಂಡು ನನ್ನ ಅಂಗಡಿಗೆ ನುಗ್ಗಿದಳು. ಮಗುವಿನ ಕಣ್ಣು ಗುಳಿ ಬಿದ್ದಿತ್ತು, ತುಟಿ ಒಣಗಿ ಬಿರಿದಿತ್ತು. ಅಳುತ್ತಿತ್ತು, ಆದರೆ ಕಣ್ಣೀರಿಲ್ಲ.

ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಆಚೆ ದಡದಲ್ಲಿ ಬಂದು ನಿಲ್ಲುತ್ತೇವೆ, ಮಗುವನ್ನು ದಾಟಿಸಿ ತನ್ನಿ ಎಂದರು. ದಾಟಿಸುವುದು ಯಾರು? ದೋಣಿಗಳೆಲ್ಲ ಕೆಲಸಗಾರರನ್ನು ಹೊತ್ತು ಹೋಗಿದ್ದವು, ಸಂಜೆಗೆ ಮೊದಲು ಬರುವುದಿಲ್ಲ. ದಡದಲ್ಲಿದ್ದದ್ದು ಒಂದೇ ದೋಣಿ. ಯಾರೂ ಹತ್ತದೆ ಬಿಟ್ಟ ನೀಲಿ ದೋಣಿ.

ನಾವಿಬ್ಬರೂ ಬೀದಿಗೆ ಬಂದೆವು. ಬೆನ್ನ ಹಿಂದೆ ಜಗಲಿಯಲ್ಲಿ ಕರಾಂಕ, ಎದುರಿಗೆ ಅರ್ಧ ಗೋಡೆ. ಗೋಡೆಯಾಚೆ ಕಿತೇರಿಯ ಗಾರೆ ಕಲಸುತ್ತಿದ್ದಳು. ವಾಲ್ದೆಲೀಸ್ ಗೋಡೆಯ ಬುಡಕ್ಕೆ ಹೋಗಿ ನಿಂತಳು. ಆ ಹೆಂಗಸು ಯಾರ ಮುಂದೂ ಕೈಯೊಡ್ಡಿದವಳಲ್ಲ. ಇಂದು ಒಡ್ಡಬೇಕು, ಅದೂ ಇವಳ ಮುಂದೆ! ಬಾಯಿ ಬಿಡೇ ಮಹಾತಾಯಿ ಎಂದು ಕಿರುಚಬೇಕೆನಿಸಿತು.

ಮಗು ಒಮ್ಮೆ ಬಿಕ್ಕಿತು. ಕಿತೇರಿಯ ತಲೆಯೆತ್ತಿದಳು. ಮಗುವಿನ ಮುಖವನ್ನು ಒಂದು ಕ್ಷಣ ನೋಡಿ, ತಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿದಳು. ತನ್ನ ಕಣ್ಣಿಗೆ ತಾನೇ ಹೆದರಿದವಳ ಹಾಗೆ.

"ಹೊದಿಕೆ ತಂದಿದೀಯಾ?" ಎಂದು ನೆಲ ನೋಡುತ್ತ ಕೇಳಿದಳು.

"ಇಲ್ಲ."

ಅವಳು ಒಳಗಿನಿಂದ ಒಂದು ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡು, ಹಸಿ ಗಾರೆಯ ಮೇಲೆ ಅಂಗೈಯೂರಿ, ಆ ಗೋಡೆ ಹಾರಿ ಬೀದಿಗೆ ಬಂದಳು. ನಮ್ಮಿಬ್ಬರಿಗೂ ಕಾಯದೆ ದಡಕ್ಕೆ ಓಡಿದಳು.

ಅಂಥ ಪ್ರಯಾಣ ಶತ್ರುವಿಗೂ ಬೇಡ. ದೋಣಿಯ ಮೂತಿ ಮೇಲೆದ್ದು ನೀರಿಗೆ ಬಡಿಯುತ್ತಿತ್ತು, ನಾನು ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲುತ್ತಿದ್ದೆ. ವಾಲ್ದೆಲೀಸ್ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು.

"ಕಿತೇರಿಯಾ, ನಾನು ನಿಂಗೆ..."

"ಬಾಯಿ ಮುಚ್ಕೊಂಡು ಕೂತ್ಕೋ. ನೀರು ಕುಡೀತೀಯ."

ನಡುನೀರಿನಲ್ಲಿ ಮಗುವಿನ ಅಳು ನಿಂತಿತು. ಅದರ ಮುಂದೆ ಅಳುವಾಗ ಇದ್ದ ಹೆದರಿಕೆ ಏನೂ ಅಲ್ಲ. ವಾಲ್ದೆಲೀಸ್ ಚೀರಿದಳು.

"ಕೂಗ್ಬೇಡ! ಕೆನ್ನೆ ತಟ್ಟು. ಹೆಸರು ಹಿಡಿದು ಕರಿ. ನಿದ್ದೆ ಹೋಗೋಕೆ ಬಿಡಬೇಡ," ಎಂದು ಕಿತೇರಿಯ ಗದರಿದಳು. ಆಮೇಲೆ ತಾನೇ ಕರೆಯತೊಡಗಿದಳು. "ತೈನಾ! ಏ ತೈನಾ! ಕಣ್ಣು ಬಿಡೇ ಕಳ್ಳಿ!" ಮೂವರು ಮುದುಕಿಯರು ಗಾಳಿಯನ್ನು ಮೀರಿ ಕಿರುಚುತ್ತ, ಒಂದು ಮಗುವಿನ ಹೆಸರನ್ನು ದಡ ಸೇರುವವರೆಗೂ ಕರೆದೆವು. ಕಿತೇರಿಯ ಮಾತ್ರ ಒಮ್ಮೆಯೂ ಮಗುವಿನ ಕಡೆ ನೋಡಲಿಲ್ಲ. ಅವಳ ಕಣ್ಣು ನೀರಿನ ಮೇಲೇ ಇತ್ತು.

ಮಗು ಬದುಕಿತು. ಮೈಯಲ್ಲಿ ನೀರೇ ಇರಲಿಲ್ಲ, ಸಂಜೆಯವರೆಗೆ ಕಾದಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರು. "ಕುಡಿಯೋ ನೀರು ಕುದಿಸ್ತೀರಾ?" ಎಂದು ಕೇಳಿದರು. ವಾಲ್ದೆಲೀಸ್ ತಲೆ ತಗ್ಗಿಸಿದಳು. ನಡುಗಡ್ಡೆಯಲ್ಲಿ ಕುದಿಸುವವರು ಯಾರಿದ್ದಾರೆ? ಆಚೆ ದಡದಲ್ಲಿ ನಮ್ಮನ್ನಿಳಿಸಿದ ಕಿತೇರಿಯ ಆಸ್ಪತ್ರೆಗೆ ಬಂದಿರಲಿಲ್ಲ. ಆಂಬುಲೆನ್ಸ್ ಕಣ್ಮರೆಯಾಗುವವರೆಗೆ ನಿಂತಿದ್ದು ದೋಣಿ ತಿರುಗಿಸಿದ್ದಳು.

ಮನೆಗೆ ಬಂದ ದಿನ ವಾಲ್ದೆಲೀಸ್ ಮಗುವನ್ನು ಜುಸಿಲೇನಿಯ ಕೈಗಿತ್ತು ನೇರ ಜಗಲಿಗೆ ಹೋದಳು. ನಾಲ್ವರು ಹೊತ್ತು ತಂದದ್ದನ್ನು ಒಬ್ಬಳೇ ತಬ್ಬಿ ಹಿಡಿದು ಒಂದೊಂದು ಮೂಲೆಯಾಗಿ ಎಳೆದಳು. ಸಿಮೆಂಟು ಕಿರ್ರೆನ್ನುವುದು ಬೀದಿಗೆಲ್ಲ ಕೇಳಿಸಿ ಜನ ಹೊರಗೆ ಬಂದರು. ಸಹಾಯಕ್ಕೆ ಹೋದವರನ್ನು ಅವಳು ಬೈದು ಅಟ್ಟಿದಳು. ಕೊನೆಗೆ ಕರಾಂಕದ ಮುಖ ಅವಳದೇ ಬಾಗಿಲಿಗೆ, ಅವಳದೇ ಮನೆಯೊಳಗೆ ನೋಡುವಂತೆ ನಿಂತಿತು. ಅದರ ಅರ್ಥ ನಮ್ಮ ಬೀದಿಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಮಾರನೆಯ ಬೆಳಿಗ್ಗೆ ಮೀನು ಮಾರಲು ಅವಳು ಹೊರಟದ್ದು ನೀಲಿ ದೋಣಿಯಲ್ಲಿ. ಅವಳ ಹಿಂದೆ ಒಬ್ಬೊಬ್ಬರೇ ಹತ್ತಿದರು. ಆದರೂ ಕಿತೇರಿಯ ಅವಳೊಡನೆ ಮಾತಾಡಲಿಲ್ಲ.

ಮೊದಲ ಮಳೆಗೆ ಮುಂಚೆ ಒಂದು ದಿನ ಕಿತೇರಿಯ ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದು ತನ್ನ ಗೋಡೆ ಹಾರಿ ಈಚೆ ಬಂದಳು. ಕರಾಂಕದ ಬೆನ್ನು ಯಾರೂ ನೋಡದ ಜಾಗವೆಂದು ಮೇಸ್ತ್ರಿ ಹಾಗೇ ಬಿಟ್ಟಿದ್ದ, ಉಳಿಯ ಗುರುತಿನ ಬರೀ ಮರ.

"ಹೀಗೇ ಬಿಟ್ರೆ ಮಳೆಗೆ ಕೊಳೆಯುತ್ತೆ," ಎಂದಳು.

"ಕೊಳೀಲಿ ಬಿಡು," ಎಂದಳು ವಾಲ್ದೆಲೀಸ್.

"ಕೊಳೀಲಿ ಅನ್ನೋಕೆ ನೀನ್ಯಾರೇ? ಹೊತ್ತು ತಂದೋಳು ನಾನು." ದೋಣಿಗೆ ಬಳಿದು ಉಳಿದಿದ್ದ ನೀಲಿಯನ್ನು ಅದರ ಬೆನ್ನಿಗೆ ಬಳಿದಳು. ವಾಲ್ದೆಲೀಸ್ ಒಳಗೆ ಹೋಗಿ ಕಾಫಿಗಿಟ್ಟಳು, ನೀರನ್ನು ಬಹಳ ಹೊತ್ತು ಕುದಿಸಿದಳು.

ಆ ಅರ್ಧ ಗೋಡೆ ಈಗಲೂ ಇದೆ. ಒಡೆಯಲೂ ಇಲ್ಲ, ಮುಗಿಸಲೂ ಇಲ್ಲ. ತೈನಾಳಿಗೆ ಐದು ವರ್ಷ. ದಿನಕ್ಕೆ ಹತ್ತು ಸಲ ಅದನ್ನು ಹತ್ತಿ ಹಾರುತ್ತಾಳೆ. ನಿನ್ನೆಯೂ ಹಾರಿ, ಮಂಡಿಯ ಧೂಳು ಕೊಡವಿಕೊಂಡು ಕೇಳಿದಳು.

"ದೋಣಿಯಜ್ಜಿ, ಚೆನ್ನಾಗಿ ಹಾರಿದ್ನಾ?"

"ದೇವರು ಕಾಪಾಡಲಿ," ಎಂದಳು ಕಿತೇರಿಯ, ಬೀದಿಗೆಲ್ಲ ಕೇಳುವಂತೆ.

"ಅದಲ್ಲ. ಚೆನ್ನಾಗಿ ಹಾರಿದ್ನಾ ಹೇಳು."

"ದೇವರು ಕಾಪಾಡಲಿ ಮಗಳೇ."

ಅಂದಿನಿಂದ ಇಂದಿನವರೆಗೆ ಅವಳು ಆ ಮಗುವಿಗೆ ಹೇಳುವುದು ಇಷ್ಟೇ. ಹೊಗಳಿಕೆಯ ಮಾತು ಒಂದೂ ಬಂದಿಲ್ಲ. ಬಾಣಲೆಯ ಮುಂದೆ ಕೂತಿದ್ದ ವಾಲ್ದೆಲೀಸ್ ತಡೆಯಲಾರದೆ ಸಟ್ಟುಗ ಕೆಳಗಿಟ್ಟಳು.

"ಹೊಗಳೇ ಕಿತೇರಿಯಾ, ಒಂದೇ ಒಂದು ಸಲ ಹೊಗಳು. ನಾನು ಕೇಳ್ಕೊತಿದೀನಿ."

ಕಿತೇರಿಯ ಮಗುವಿನ ತಲೆ ಸವರಿದಳು, ಮುಖ ನೋಡದೆ.