ಅಕ್ಕ ಕಟ್ಟಿದ ಸೊಪ್ಪಿನ ಬಣ್ಣ

ನಾನು ಚಿಕ್ಕವಳಿದ್ದಾಗ ಅಪ್ಪನ ಮೇಲೆ ಬಂದ ಒಂದು ಕೋಪ ಇನ್ನೂ ಆರಿಲ್ಲ, ಮಕ್ಕಳೇ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ತೊಂಬತ್ತರ ದಶಕ ಅದು, ಸುತ್ತ ಎಲ್ಲಿ ನೋಡಿದರೂ ಹೊಗೆಸೊಪ್ಪು. ಹೊಲದ ಮೂಲೆಯಲ್ಲಿ ಸೊಪ್ಪು ಬೇಯಿಸುವ ಎತ್ತರದ ಮನೆಯಿತ್ತು. ಅದನ್ನು ಬ್ಯಾರನ್ ಅನ್ನುತ್ತಿದ್ದೆವು. ಹಸಿರು ಎಲೆಗಳನ್ನು ಕೋಲಿಗೆ ಕಟ್ಟಿ ಒಳಗೆ ನೇತುಹಾಕಿ, ದಿನಗಟ್ಟಲೆ ಸೌದೆ ಉರಿಸಿದರೆ ಅವು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು.

ಕಟ್ಟುವ ಕೆಲಸ ಹೆಂಗಸರದು. ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ಬರುತ್ತಿದ್ದ ಒಬ್ಬಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವಳು ಗಂಟು ಹಾಕುವ ಚಂದ ನೋಡಲೆಂದೇ ಶಾಲೆಯಿಂದ ಬಂದವಳು ಅವಳ ಪಕ್ಕ ಕೂರುತ್ತಿದ್ದೆ. ಎಲೆಯ ಅಂಟು ಕೈಗೆ ಹತ್ತಿ ಕಪ್ಪಾದರೆ ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ಮುದ್ದೆಯೂ ಕಹಿ.

ಆದರೆ ತಾನು ಕಟ್ಟಿದ ಸೊಪ್ಪು ಬೆಂದಮೇಲೆ ಹೇಗಾಯಿತೆಂದು ಅವಳು ಒಮ್ಮೆಯೂ ನೋಡಿರಲಿಲ್ಲ. ಬ್ಯಾರನ್ ಖಾಲಿ ಮಾಡುವ ದಿನ ಅಪ್ಪ ಬಾಗಿಲ ಮುಂದೆ ಗೋಣಿ ಪರದೆ ಕಟ್ಟುತ್ತಿದ್ದ. ಹೊರಗಿನವರ ಕಣ್ಣು ಬಿದ್ದರೆ ಬಣ್ಣ ಕೆಡುತ್ತದಂತೆ! ಕಟ್ಟಿದವಳೇ ಹೊರಗಿನವಳಂತೆ!

ಒಂದು ಭಾನುವಾರ ಬೆಳಿಗ್ಗೆ ಗಂಡಸರು ಬೆಂದ ಸೊಪ್ಪು ಇಳಿಸುತ್ತಿದ್ದರು. ಪರದೆಯ ಹಿಂದಿನಿಂದ ಬೆಚ್ಚನೆಯ ಸಿಹಿ ವಾಸನೆ ಬರುತ್ತಿತ್ತು. ಇತ್ತ ಚಪ್ಪರದಲ್ಲಿ ಹೆಂಗಸರ ಮುಂದೆ ಆಗತಾನೇ ಕೊಯ್ದ ಹಸಿ ಸೊಪ್ಪಿನ ರಾಶಿ. ಅಕ್ಕ ಎದ್ದು ಹೋಗಿ ಅಪ್ಪನನ್ನು ಕೇಳಿದಳು.

"ಗೌಡ್ರೆ, ನಾ ಕಟ್ಟಿದ್ದು ಎಂಗ್ ಬೆಂದದೆ ಅಂತ ಒಂದ್ ಕಿತ ನೋಡ್ತೀನಿ."

"ಕೂಲಿ ಕೊಡಾಕಿಲ್ವೇನಮ್ಮಿ? ಬಣ್ಣ ಕಟ್ಕೊಂಡು ನಿಂಗೇನಾಗ್ಬೇಕು? ಓಗು, ಕೆಲ್ಸ ನೋಡು."

ಅಕ್ಕ ಚಪ್ಪರಕ್ಕೆ ಬಂದು ದಾರದ ಉಂಡೆ ಬದಿಗಿಟ್ಟು ಸೆರಗು ಕೊಡವಿದಳು. ಮಿಕ್ಕ ಹೆಂಗಸರೂ ಎದ್ದರು. ರಾಶಿ ಹಾಗೇ ಬಿದ್ದಿದ್ದರೆ ಸಂಜೆಯೊಳಗೆ ಕಾವು ಬಂದು ಅಷ್ಟೂ ಹಾಳಾಗುತ್ತಿತ್ತು. ಅಪ್ಪನಿಗೆ ಗಾಬರಿಯಾಯಿತು.

"ಇರ್ರಮ್ಮೀ, ಕೂಲಿ ಜಾಸ್ತಿ ಮಾಡ್ತೀನಿ ಬುಡಿ!"

"ಕೂಲಿ ಕೇಳ್ನಿಲ್ಲ ಕಣ್ ಗೌಡ್ರೆ," ಅಂದಳು ಅಕ್ಕ.

ಅಪ್ಪನಿಗೆ ಅರ್ಥವಾಗಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಓಡಿಹೋಗಿ ಪರದೆ ಕಿತ್ತೆಸೆದೆ. ಅಕ್ಕನ ಗಂಟು ನನಗೆ ಗೊತ್ತಿತ್ತಲ್ಲ, ಅವಳ ಕೋಲೊಂದನ್ನು ಎಳೆದು ತಂದು ಬಿಸಿಲಿಗೆ ಹಿಡಿದೆ. ಅಪ್ಪ ಬಂದವನೇ ಕೆನ್ನೆಗೆ ಬಾರಿಸಿದ. ಕೋಲನ್ನು ಮಾತ್ರ ನಾನು ಬಿಡಲಿಲ್ಲ.

ಅಕ್ಕ ಸೊಪ್ಪನ್ನೇ ನೋಡಿದಳು. ಅಂಚಿನ ಎಲೆಗಳು ಹೊಳೆಯುವ ಹಳದಿ. ಗಂಟಿನ ನಡುವಿನವು ಕಂದು. ಬೆರಳಿನಿಂದ ಬಿಡಿಸಿ ಮೂಸಿದಳು.

"ಅಯ್ಯೋ, ಒತ್ತಾಗಿ ಕಟ್ಬುಟ್ಟಿವ್ನಿ, ಗಾಳಿ ಆಡಿಲ್ಲ. ಮೊದ್ಲೇ ತೋರ್ಸಿದ್ರೆ ಸರಿ ಮಾಡ್ತಿರ್ನಿಲ್ವಾ ಗೌಡ್ರೆ?"

ಅಷ್ಟು ಹೇಳಿ ತಿರುಗಿ ಹೋಗಿ ಕೂತಳು. ಅವಳ ಹಿಂದೆ ಎಲ್ಲರೂ ಕೂತರು. ಈ ಸಲ ಗಂಟಿಗೆ ಒಂದೊಂದು ಎಲೆ ಕಡಿಮೆ. ಸಂಜೆಗೆ ಮುಂಚೆಯೇ ರಾಶಿ ಕರಗಿತು. ಅಪ್ಪ ಮಾತ್ರ ಮುಂದಿನ ಸಲವೂ ಪರದೆ ಕಟ್ಟಿದ. ಅಷ್ಟೆಲ್ಲ ಕಣ್ಣಾರೆ ಕಂಡೂ! ಕೆನ್ನೆಯ ಏಟು ಮರೆತೆ, ಇದನ್ನು ಮರೆತಿಲ್ಲ.

ಈಗ ನಿಮ್ಮ ಕಾಲ. ಸೊಪ್ಪಿನ ಅಂಟು ನಿಮ್ಮ ಕೈಗೆ ತಾಗಿಲ್ಲ, ಸಂತೋಷ. ಆದರೆ ಪುಟ್ಟೀ, ನಿನ್ನೆ ನೀನು ಫೋನ್ ಹಿಡಿದು ಸಪ್ಪಗೆ ಕೂತಿದ್ದೆಯಲ್ಲ? ಪರೀಕ್ಷೆಯ ಅಂಕ ಫೋನಿಗೆ ಬಂದಿದೆ, ನೀನು ಬರೆದ ಪತ್ರಿಕೆ ಶಾಲೆಯ ಬೀರುವಿನಲ್ಲೇ ಉಳಿದಿದೆ. ಎಲ್ಲಿ ತಪ್ಪಾಯಿತು ನೋಡಬೇಕು ಅಂತ ಕೇಳಿದ್ದಕ್ಕೆ, ಒಳ್ಳೆಯ ಅಂಕವೇ ಬಂದಿದೆಯಲ್ಲ, ಇನ್ನೇನು ಬೇಕು ಅಂದರಂತೆ ಟೀಚರು. ನಾಳೆ ಶಾಲೆಗೆ ನಾನೂ ಬರುತ್ತೇನೆ. ಆ ಬೀರು ತೆಗೆಸಿಯೇ ಮನೆಗೆ ಬರುವುದು.