ತಗಡಪ್ಪನ ಎಡಗಾಲು

ಸದ್ದಮ್ಮ ಸಿನಿಮಾ ನೋಡುವುದು ಕಣ್ಣು ಮುಚ್ಚಿಕೊಂಡು. ಟಿಕೆಟ್ ತೆಗೆದು ಒಳಗೆ ಬಂದು ನಿದ್ದೆ ಹೊಡೆಯುತ್ತಾಳೆ ಎಂದು ಪಕ್ಕದ ಸೀಟಿನವರು ಅಂದುಕೊಂಡರೆ ಅದು ಅವರ ಕರ್ಮ. ಇಪ್ಪತ್ತಾರು ವರ್ಷ ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಸಿನಿಮಾಗಳಿಗೆ ಸದ್ದು ಕೊಟ್ಟವಳು ಅವಳು. ಪರದೆಯ ಮೇಲೆ ನಾಯಕಿ ಮೆಟ್ಟಿಲಿಳಿದರೆ ಮೈಕಿನ ಮುಂದೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಟಕಟಕ ಎನ್ನುವವಳು ಇವಳು. ಕುದುರೆ ಓಡಿದರೆ ತೆಂಗಿನ ಚಿಪ್ಪು, ಖಳನಾಯಕನ ಕೈ ಮುರಿದರೆ ಮೂಲಂಗಿ, ಬೆಂಕಿ ಹತ್ತಿದರೆ ಮುದುಡಿದ ಕಾಗದ. ಅದಕ್ಕೇ ಬೀದಿಯವರು ಅವಳಿಗೆ ಸದ್ದಮ್ಮ ಎಂದು ಹೆಸರಿಟ್ಟರು. ಹೆತ್ತವರಿಟ್ಟ ಹೆಸರು ಓಟಿನ ಪಟ್ಟಿಯಲ್ಲಿ ಸುಖವಾಗಿ ಮಲಗಿದೆ.

ಇಷ್ಟೆಲ್ಲ ಸದ್ದುಗಳಲ್ಲಿ ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದು ಒಂದೇ ಒಂದು. ಅದು ತಗಡಪ್ಪನ ನಡಿಗೆ.

ಮೂವತ್ತೆರಡು ವರ್ಷದ ಕೆಳಗೆ 'ಏಳನೇ ಗ್ರಹದ ಕಾವಲುಗಾರ' ಎಂಬ ಸಿನಿಮಾ ಬಂದು ಊರಿಗೆ ಊರೇ ಹುಚ್ಚು ಹಿಡಿದಂತೆ ಮುಗಿಬಿದ್ದಿತ್ತು. ಬೇರೆ ಗ್ರಹದಿಂದ ಇಳಿದು ಬಂದು ದುಷ್ಟರನ್ನು ಚಚ್ಚುವ ಯಂತ್ರಮಾನವನೊಬ್ಬನ ಕಥೆ. ನಿಜ ಹೇಳಬೇಕೆಂದರೆ, ಅವನ ಆಕಾಶನೌಕೆ ಒಂದರ ಮೇಲೊಂದು ಬೋರಲು ಹಾಕಿದ ಎರಡು ಬೋಗುಣಿ. ಅದನ್ನು ಎತ್ತಿ ಹಿಡಿದ ದಾರ ಹಿಂದಿನ ಸಾಲಿನವರಿಗೂ ಕಾಣುತ್ತಿತ್ತು. ಮೈಯೆಲ್ಲ ತಗಡು. ಆದ್ದರಿಂದ ಜನ ಪ್ರೀತಿಯಿಂದ ತಗಡಪ್ಪ ಎಂದು ಕರೆದರು. ಆದರೆ ಅವನು ನಡೆದು ಬರುವಾಗ ಕೇಳಿಸುವ ಸದ್ದಿತ್ತಲ್ಲ, ಧಡ್... ಸರ್‍ರ್-ಧಡ್, ಅದಕ್ಕೆ ಮಾತ್ರ ಯಾರೂ ನಕ್ಕಿರಲಿಲ್ಲ. ಮಕ್ಕಳು ಶಾಲೆಗೆ ಹೋಗುವಾಗ ಎಡಗಾಲು ಎಳೆದುಕೊಂಡು ಹೋಗಿ ಚಪ್ಪಲಿ ಸವೆಸಿ ಮನೆಯಲ್ಲಿ ಬೈಸಿಕೊಂಡವು.

ಆ ಸದ್ದು ಹುಟ್ಟಿದ್ದು ಹೀಗೆ. ಅಂದು ಬೆಳಿಗ್ಗೆ ಸದ್ದಮ್ಮ ಬಚ್ಚಲ ಪಾಚಿಯ ಮೇಲೆ ಜಾರಿ ಬಿದ್ದಿದ್ದಳು. ಎಡಗಾಲಿನ ಪಾದದ ಗಂಟು ಊದಿ ಕುಂಬಳಕಾಯಿಯಾಗಿತ್ತು. ರಜೆ ಹಾಕಿದರೆ ಕೆಲಸ ಬೇರೆಯವರ ಪಾಲಾಗುತ್ತದೆ. ಹಲ್ಲು ಕಚ್ಚಿಕೊಂಡು ಹೋದಳು, ಎರಡು ತಗಡಿನ ಡಬ್ಬಿಗಳಲ್ಲಿ ಒಂದೊಂದು ಹಿಡಿ ಮೊಳೆ ತುಂಬಿ ಪಾದಗಳಿಗೆ ಕಟ್ಟಿಕೊಂಡು ಕಬ್ಬಿಣದ ಹಲಗೆಯ ಮೇಲೆ ನಡೆದಳು. ಪರದೆಯ ಮೇಲೆ ತಗಡಪ್ಪ ನೆಟ್ಟಗೇ ನಡೆಯುತ್ತಿದ್ದ. ಸದ್ದು ಮಾತ್ರ ಕುಂಟಿತು. ಇನ್ನೊಮ್ಮೆ ಮಾಡೋಣ ಎಂದು ಅವಳೇ ಕೇಳಿಕೊಂಡರೂ ನಿರ್ದೇಶಕ ಒಪ್ಪಲಿಲ್ಲ. "ಇರ್ಲಿ ಬಿಡಮ್ಮ, ಇದಕ್ಕೆ ಜೀವ ಇದೆ," ಅಂದ. ಜೀವ ಉಳಿಯಿತು, ಹೆಸರು ಉಳಿಯಲಿಲ್ಲ. ಸಿನಿಮಾದ ಕೊನೆಯಲ್ಲಿ ಅವಳ ಹೆಸರು ಎಲ್ಲೂ ಬರಲಿಲ್ಲ.

ಅವಳ ಗಂಡ ನಿವೃತ್ತ ಬಸ್ ಕಂಡಕ್ಟರು. ಟಿಕೆಟ್ ಇಲ್ಲದವನು ಪ್ರಯಾಣಿಕನೇ ಅಲ್ಲ ಎಂದು ಜೀವಮಾನವಿಡೀ ನಂಬಿದ ಮನುಷ್ಯ. "ದೀಪ ಹಿಡಿದೋರ ಹೆಸರೂ ಹಾಕಿದಾರೆ, ನಿಂದ್ಯಾಕೆ ಹಾಕ್ಲಿಲ್ಲ?" ಎಂದು ಮೂವತ್ತೆರಡು ವರ್ಷದಿಂದ ಅವಳ ಕಾಲೆಳೆಯುತ್ತಲೇ ಬಂದಿದ್ದ. ಕೆಟ್ಟ ಮನಸ್ಸಿನಿಂದಲ್ಲ, ಆದರೂ ಚುಚ್ಚುವುದು ಚುಚ್ಚುವುದೇ.

ಈಗ ಅದೇ ಸಿನಿಮಾವನ್ನು ಹೊಸಬರು ಮತ್ತೆ ತೆಗೆದಿದ್ದರು. ಭಾನುವಾರ ಬೆಳಿಗ್ಗೆ ಸದ್ದಮ್ಮ ಗೋಡೆ ಹಿಡಿದು ತನ್ನ ವ್ಯಾಯಾಮ ಮಾಡುತ್ತಿದ್ದಳು. ಸೊಸೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್, ಅಂದರೆ ಬಿದ್ದವರನ್ನು ಮತ್ತೆ ನಡೆಸುವವಳು. ಅತ್ತೆಯ ಹಳೆಯ ಉಳುಕು ಸರಿಯಾಗಿ ವಾಸಿಯಾಗಿಲ್ಲವೆಂದು ಮದುವೆಯಾಗಿ ಬಂದ ತಿಂಗಳಲ್ಲೇ ಕಂಡುಹಿಡಿದಿದ್ದಳು. ಆರು ವರ್ಷದಿಂದ ದಿನವೂ ಅದೇ ಪಾಠ: "ಹಿಮ್ಮಡಿ ಮೊದಲು ಅತ್ತೆ, ಆಮೇಲೆ ಬೆರಳು. ಎಳೀಬೇಡಿ."

"ಮಧ್ಯಾಹ್ನ ಮೂರೂ ಜನ ಹೋಗೋಣ," ಅಂದ ಗಂಡ. "ನಿನ್ನ ನಡಿಗೆ ಅದರಲ್ಲಿದ್ರೆ ನಾನು ಬಾಯಿ ಮುಚ್ಕೋತೀನಿ. ಇಲ್ದಿದ್ರೆ ಇನ್ಮೇಲೆ ನೀನು ಆ ಮಾತು ಎತ್ತಬಾರದು. ಸರಿನಾ?"

"ಸರಿ ಕಣ್ರೀ," ಅಂದುಬಿಟ್ಟಳು ಸದ್ದಮ್ಮ. ಅಂದಮೇಲೆ ಹೊಳೆಯಿತು: ಆ ಮಾತೂ ಹೋದರೆ ಇಪ್ಪತ್ತಾರು ವರ್ಷದ ದುಡಿಮೆಯಿಂದ ತನ್ನದು ಎನ್ನಲು ಏನೂ ಉಳಿಯುವುದಿಲ್ಲ.

ಚಿತ್ರಮಂದಿರ ತುಂಬಿ ತುಳುಕುತ್ತಿತ್ತು. ದೀಪ ಆರಿ ಮೊದಲ ಸದ್ದು ಬಿದ್ದಿದ್ದೇ ತಡ ಸದ್ದಮ್ಮನ ಮೈ ಝುಂ ಎಂದಿತು. ಆಹಾ, ಏನು ಸದ್ದು ಅದು! ನೌಕೆ ಬೆನ್ನ ಹಿಂದಿನಿಂದ ಬಂದು ತಲೆಯ ಮೇಲೆ ಹಾದು ಮುಂದೆ ಹೋಯಿತು. ಕುರ್ಚಿಯ ಕಾಲು ನಡುಗಿತು. ಪಂತ ಮರೆತು ಕಣ್ಣು ಬಿಟ್ಟಳು. ಬೋಗುಣಿ ಎಲ್ಲಿ, ಇದೆಲ್ಲಿ. ನೌಕೆ ಪರದೆ ದಾಟಲು ಅರ್ಧ ನಿಮಿಷ ಬೇಕಾಯಿತು. ಹಳೆಯದರಲ್ಲಿ ಹತ್ತು ಜನ ಖಳರು ಏಟು ತಿನ್ನಲು ಸರದಿಯಲ್ಲಿ ನಿಂತಿರುತ್ತಿದ್ದರು. ಇದರಲ್ಲಿ ನೂರು ಯಂತ್ರಗಳು ಒಟ್ಟಿಗೇ ಮೇಲೆ ಬಿದ್ದವು, ಕಾರುಗಳು ತಲೆಕೆಳಗಾಗಿ ಹಾರಿದವು. ಗಂಡ ಎರಡು ಸಲ ಸಿಳ್ಳೆ ಹೊಡೆದ. ಸೊಸೆ ಉಗುರು ಕಚ್ಚುತ್ತಿದ್ದಳು. ಸದ್ದಮ್ಮನೂ ಕುರ್ಚಿಯ ತುದಿಗೆ ಬಂದಿದ್ದಳು.

ಆಮೇಲೆ ತಗಡಪ್ಪ ಬಂದ. ಕನ್ನಡಿಯಂಥ ಮೈ, ತಗಡಿನ ಸುಳಿವೂ ಇಲ್ಲ. ಸದ್ದಮ್ಮ ತಟ್ಟನೆ ಕಣ್ಣು ಮುಚ್ಚಿ ಕಿವಿ ತೆರೆದಳು. ಸ್ಸ್... ಸ್ಸ್... ಸ್ಸ್. ರಬ್ಬರ್ ಚಪ್ಪಲಿ ಹಾಕಿಕೊಂಡು ನುಣುಪು ನೆಲದ ಮೇಲೆ ನಡೆದ ಹಾಗೆ. ಇದೂ ಒಂದು ನಡಿಗೆಯೇ? ಹಳೆಯ ತಗಡಪ್ಪ ಕಣ್ಣು ಮುಚ್ಚಿದ್ದರೂ ಯಾವ ಮೂಲೆಯಿಂದ ಬರುತ್ತಿದ್ದಾನೆಂದು ಗೊತ್ತಾಗುತ್ತಿತ್ತು. ಇವನು ಹಿಂದೆ ಬಂದು ನಿಂತರೂ ತಿಳಿಯದು. ಮಧ್ಯಂತರದವರೆಗೆ ಅವನು ನಡೆದದ್ದೆಲ್ಲ ಹಾಗೆಯೇ.

ದೀಪ ಹತ್ತಿದಾಗ ಗಂಡ ಏನೂ ಆಡಿಕೊಳ್ಳಲಿಲ್ಲ. ಸುಮ್ಮನೆ ಎದ್ದುಹೋಗಿ ಅವಳಿಗೊಂದು ಕಾಫಿ ತಂದುಕೊಟ್ಟ, ಮೇಲಿಂದ "ಬಿಸಿ ಇದೆ, ನೋಡ್ಕೊಂಡು ಕುಡಿ" ಅಂದ. ಅವನು ಕಾಲೆಳೆದಿದ್ದರೆ ಎದುರು ಮಾತಾಡಬಹುದಿತ್ತು. ಅವನ ಈ ಕರುಣೆ ನೋಡಿ, ಸೋತೆ ಅನ್ನುವುದು ಅವಳಿಗೆ ಖಚಿತವಾಯಿತು.

ಎರಡನೆಯ ಅರ್ಧದಲ್ಲಿ ಒಂದು ಸೇತುವೆ. ಜನ ತುಂಬಿದ ಬಸ್ಸೊಂದು ಅಂಚಿನಲ್ಲಿ ನೇತಾಡುತ್ತಿದೆ. ಗಂಡ ತನ್ನದೇ ಬಸ್ಸೇನೋ ಎಂಬಂತೆ ಎದ್ದು ನಿಂತ. ತಗಡಪ್ಪ ಬಸ್ಸಿಗೆ ಅಡ್ಡ ನಿಂತು ಕಾಪಾಡುವಾಗ ಕಿರಣದ ಗುಂಡೊಂದು ಅವನ ಎಡ ಮಂಡಿಗೆ ನಾಟಿತು. ಮೈಮೇಲಿನ ಹೊಳೆಯುವ ಕವಚ ಚೂರುಚೂರಾಗಿ ಉದುರಿ ಒಳಗಿನ ಹಳೆಯ ತಗಡು ಕಂಡಿತು. ಸಂಗೀತ ನಿಂತಿತು. ಎದುರಿಗೆ ಸಾವಿರ ಶತ್ರುಗಳು. ಹೊಗೆಯೊಳಗಿಂದ ಅವನು ನಡೆದು ಬಂದ.

ಧಡ್... ಸರ್‍ರ್-ಧಡ್.

ಸದ್ದಮ್ಮನ ಕೈಯಲ್ಲಿದ್ದ ಕಾಫಿಯ ಖಾಲಿ ಕಾಗದದ ಲೋಟ ಅಪ್ಪಚ್ಚಿಯಾಯಿತು. ಧಡ್... ಸರ್‍ರ್-ಧಡ್. ಚಿತ್ರಮಂದಿರಕ್ಕೆ ಚಿತ್ರಮಂದಿರವೇ ಎದ್ದು ನಿಂತಿತು. ಒಂದು ಕಾಲಕ್ಕೆ ಚಪ್ಪಲಿ ಸವೆಸಿ ಬೈಸಿಕೊಂಡಿದ್ದ ಮಕ್ಕಳು, ಈಗ ತಲೆ ನರೆತವರು, ಹೊಟ್ಟೆ ಬಂದವರು, ಕುರ್ಚಿ ಹತ್ತಿ ಸಿಳ್ಳೆ ಹೊಡೆಯುತ್ತಿದ್ದರು. ಸೂರು ಕಿತ್ತುಹೋಗುವಂಥ ಗದ್ದಲ. ಅದರ ಮಧ್ಯೆ ಸದ್ದಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದಳು; ಮುಚ್ಚಿದ ಕಣ್ಣಿಂದಲೇ ನೀರಿಳಿಯುತ್ತಿತ್ತು. ಅವಳಿಗೆ ಅಷ್ಟು ಸಂತೋಷ ಮಗ ಹುಟ್ಟಿದಾಗಲೂ ಆಗಿರಲಿಲ್ಲ.

"ಡಬ್ಬಿ ನನ್ನದಲ್ಲ," ಅಂದಳು ಗಂಡನ ಕಿವಿಯಲ್ಲಿ. "ಬೇರೆ ಯಾವುದರಲ್ಲೋ ಮಾಡಿದಾರೆ. ಆದ್ರೆ ಕಾಲು ನಂದು."

"ಕುಂಟೋರು ಲೋಕದಲ್ಲಿ ನೀನೊಬ್ಳೇನಾ?" ಅಂದ ಗಂಡ. ದನಿಯಲ್ಲಿ ಮೊದಲಿನ ಬಲವಿರಲಿಲ್ಲ. "ಮಂಡಿಗೆ ಗುಂಡು ಬಿತ್ತು, ಕುಂಟ್ತಾ ಇದಾನೆ. ಕಥೆನೇ ಹಾಗಿದೆ."

ಸೊಸೆ ಪರದೆಯಿಂದ ಕಣ್ಣು ತೆಗೆಯದೆ ಮುಂದಕ್ಕೆ ಬಾಗಿ ಕೂತಿದ್ದಳು. "ಇಲ್ಲ ಮಾವ," ಅಂದಳು. "ಮಂಡಿಗೆ ಏಟು ಬಿದ್ದೋರು ಹೀಗೆ ನಡೆಯಲ್ಲ. ಮಂಡಿ ಬಗ್ಗಲ್ಲ ಅಂತ ಕಾಲನ್ನ ಸುತ್ತಿಸಿ ಇಡ್ತಾರೆ. ಇದು ಪಾದದ ಗಂಟು ಉಳುಕಿರೋ ನಡಿಗೆ. ಬೆರಳು ಮೊದಲು ಎಳೆಯುತ್ತೆ, ಹಿಮ್ಮಡಿ ತಡವಾಗಿ ಬೀಳುತ್ತೆ." ಆಮೇಲೆ, "ಆರು ವರ್ಷದಿಂದ ದಿನಾ ಬೆಳಿಗ್ಗೆ ನಮ್ಮ ಮನೇಲಿ ಕೇಳ್ತಿದೀನಿ," ಅಂದಳು.

ಗಂಡ ತಿರುಗಿ ಸದ್ದಮ್ಮನ ಎಡಗಾಲು ನೋಡಿದ. ಹೊಸಬರು ಹಳೆಯ ಸದ್ದನ್ನು ಕೇಳಿ ಕೇಳಿ, ಅದು ಯಾಕೆ ಕುಂಟುತ್ತದೆಂದು ತಲೆ ಕೆಡಿಸಿಕೊಂಡು, ಅದಕ್ಕೊಂದು ಸೇತುವೆ, ಒಂದು ಬಸ್ಸು, ಒಂದು ಗುಂಡು ಕಟ್ಟಿದ್ದರು. ಬಚ್ಚಲ ಪಾಚಿಯ ಕಥೆ ಅವರಿಗೇನು ಗೊತ್ತು. ಕೊನೆಯಲ್ಲಿ ಸಾವಿರಾರು ಹೆಸರು ಉರುಳಿದವು. ಮೂವರೂ ಕೊನೆಯ ಸಾಲಿನವರೆಗೆ ಕೂತರು. ಅವಳ ಹೆಸರು ಅದರಲ್ಲೂ ಇರಲಿಲ್ಲ.

ಹೊರಗೆ ಹೋಗುವ ದಾರಿ ಕಟ್ಟಡದ ಹಿಂದಿನ ಕಬ್ಬಿಣದ ಮೆಟ್ಟಿಲು. ಕೆಳಗಿನ ತಿರುವಿನವರೆಗೂ ಜನ ಕಿಕ್ಕಿರಿದು ಸಿನಿಮಾದ ಮಾತಾಡುತ್ತಾ ನಿಂತಿದ್ದರು. ಸದ್ದಮ್ಮ ಕಂಬಿ ಹಿಡಿದು ಇಳಿಯತೊಡಗಿದಳು. ಮೂರು ಗಂಟೆ ಕೂತು ಕಾಲು ಜೋಮು ಹಿಡಿದಿತ್ತು. ಹಿಮ್ಮಡಿ ಮೊದಲು ಎನ್ನುವ ಪಾಠ ನೆನಪಾಗಲಿಲ್ಲ. ಕಬ್ಬಿಣದ ಮೇಲೆ ಕಾಲು ಬಿತ್ತು, ಒಂದು, ಇನ್ನೊಂದು. ಕೆಳಗಿನ ಮಾತು ನಿಂತಿತು. ಒಬ್ಬೊಬ್ಬರಾಗಿ ತಲೆ ಎತ್ತಿ ನೋಡಿದರು.

ಸದ್ದಮ್ಮ ನಾಚಿ ನಿಂತುಬಿಟ್ಟಳು. ಅವಳಿಗಿಂತ ಎರಡು ಮೆಟ್ಟಿಲು ಕೆಳಗಿದ್ದ ಗಂಡ ಜನರ ಕಡೆ ತಿರುಗಿದ. ನಿವೃತ್ತಿಯ ದಿನದಿಂದ ಮನೆಯವರು ಕೇಳದಿದ್ದ ದನಿ ಅವನ ಗಂಟಲಿಂದ ಹೊರಟಿತು.

"ಹೋಲ್ಡಾನ್, ಹೋಲ್ಡಾನ್. ಇಳಿಯೋರಿದಾರೆ, ಸ್ವಲ್ಪ ಸರೀರಿ. ದಾರಿ ಬಿಡಿ, ತಗಡಪ್ಪ ಇಳೀತಿದಾರೆ."

ಜನ ಎರಡೂ ಪಕ್ಕಕ್ಕೆ ಸರಿದರು. ಸದ್ದಮ್ಮ ಸೊಸೆಯ ಮುಖ ನೋಡಿದಳು.

"ಇವತ್ತೊಂದಿನ ಎಳೀರಿ ಅತ್ತೆ," ಅಂದಳು ಸೊಸೆ.

"ರೈಟ್," ಎಂದು ಸದ್ದಮ್ಮ ಎಡಗಾಲು ಎಳೆದು ಮುಂದಿನ ಮೆಟ್ಟಿಲಿಗಿಟ್ಟಳು.