ಮೊದಲ ಪುಟದ ಆರ್ವಿಲ್

ಆರ್ವಿಲ್ ಕ್ರೂಮ್ ಇನ್ನೂ ಸತ್ತಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕೆಂಬ ಕಟ್ಟುಪಾಡು ನಮ್ಮ ಊರಿನಲ್ಲಿ ಬಲವಾಗಿದೆ. ಆದ್ದರಿಂದ ಅವನ ಜೀವನಚರಿತ್ರೆಯನ್ನು ಅವನು ಉಸಿರಾಡುತ್ತಿರುವಾಗಲೇ ಬರೆದು ಮುಗಿಸುವುದು ಕ್ಷೇಮ ಎಂದುಕೊಂಡಿದ್ದೇನೆ.

ಬರೆಯುವ ಹಕ್ಕು ನನಗಿದೆ. ಟೋಲ್‌ಮನ್ ಕೌಂಟಿ ಕೋರ್ಟಿನ ಎದುರಿಗೆ, ರಸ್ತೆಯ ಈಚೆ ಬದಿಯ ಹೋಟೆಲಿನ ಒಡತಿ ವರ್ನ್ ನಾನೇ. ವಕೀಲರು, ಷೆರಿಫ್‌ನ ಪೊಲೀಸರು, ಜಾಮೀನಿಗೆ ಓಡಾಡುವವರು, ವಿಚ್ಛೇದನಕ್ಕೆ ಬಂದು ಬೇರೆ ಬೇರೆ ಮೇಜಿನಲ್ಲಿ ಕೂರುವ ಗಂಡ ಹೆಂಡತಿ, ಎಲ್ಲರೂ ನನ್ನಲ್ಲೇ ಮೊಟ್ಟೆ ತಿಂದು ಕಾಫಿ ಕುಡಿದು ಹೋಗುತ್ತಾರೆ. ಆರ್ವಿಲ್ ಏಳು ವರ್ಷ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ಒಂದೇ ಕಾಫಿಯನ್ನು ಪುಕ್ಕಟೆಯಾಗಿ ಮತ್ತೆ ಮತ್ತೆ ತುಂಬಿಸಿಕೊಂಡು, ನನ್ನ ತಲೆ ತಿಂದಿದ್ದಾನೆ. ಇಷ್ಟು ಅರ್ಹತೆ ಸಾಕು.

ಅವನು ಕೌಂಟಿಯ ರಸ್ತೆ ಇಲಾಖೆಯಲ್ಲಿ ಮಣ್ಣು ಸಮ ಮಾಡುವ ಗಾಡಿ ಓಡಿಸುತ್ತಿದ್ದ. ಆ ಕಾಲದಲ್ಲಿ ಅವನ ಬಗ್ಗೆ ಹೇಳುವಂಥದ್ದೇನೂ ಇರಲಿಲ್ಲ. ಹೆಂಡತಿ ಫೇ ಒಂದು ದಿನ ತಂಗಿಯ ಮನೆಗೆಂದು ಹೋದವಳು ಅಲ್ಲೇ ಉಳಿದುಬಿಟ್ಟಳು. ನಾನು ಕಾರಣ ಕೇಳಿದಾಗ, "ಅವನು ಕುಡಿಯಲ್ಲ, ಹೊಡೆಯಲ್ಲ, ಮಾತೂ ಆಡಲ್ಲ ವರ್ನ್. ಮನೇಲಿ ಬಟ್ಟೆ ಬೀರು ಜೊತೆ ಸಂಸಾರ ಮಾಡಿದ ಹಾಗಾಗಿತ್ತು" ಅಂದಿದ್ದಳು. ಅಂಥ ಮನುಷ್ಯನಿಗೆ ನಿವೃತ್ತಿಯಾದ ಮೇಲೆ ಬಾಯಿ ಬಂತು.

ಬಂದದ್ದು ಹೀಗೆ. ಪಕ್ಕದ ಮನೆಯವನ ಆಕ್ರೋಟು ಮರದ ಕೊಂಬೆ ಇವನ ಅಂಗಳಕ್ಕೆ ಚಾಚಿತ್ತು. ಆ ನೆರೆಯವನ ಮೇಲೆ ಯಾವುದಾದರೂ ಕೇಸು ಇದೆಯೇ ನೋಡೋಣವೆಂದು ಇವನು ಕೋರ್ಟಿಗೆ ಹೋದ. ಅಲ್ಲಿ ಕ್ಲರ್ಕ್ ಕಚೇರಿಯ ಮೂಲೆಯಲ್ಲಿ ಸಾರ್ವಜನಿಕರಿಗೆಂದು ಒಂದು ಕಂಪ್ಯೂಟರ್ ಇಟ್ಟಿದ್ದಾರೆ. ಯಾರು ಬೇಕಾದರೂ ಕೂತು, ಯಾರ ಹೆಸರನ್ನು ಬೇಕಾದರೂ ಹೊಡೆದು, ಅವರ ಮೇಲಿನ ಕೇಸುಗಳನ್ನೆಲ್ಲ ನೋಡಬಹುದು. ಯಾಕೆ ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ನೆರೆಯವನ ಹೆಸರಿಗೆ ಏನೂ ಸಿಗಲಿಲ್ಲ. ಆದರೆ ಬಂದದ್ದು ವ್ಯರ್ಥವಾಗಬಾರದೆಂದು ಆರ್ವಿಲ್ ನಮ್ಮ ಪಾದ್ರಿಯ ಹೆಸರು ಹೊಡೆದ. ಪಾದ್ರಿ ಕಾಲೇಜಿನಲ್ಲಿದ್ದಾಗ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದಿದ್ದರು. ಅವತ್ತು ಮಧ್ಯಾಹ್ನ ಹೋಟೆಲಿಗೆ ಬಂದ ಆರ್ವಿಲ್‌ನ ಮುಖದಲ್ಲಿ ನಾನು ಮದುವೆಯ ದಿನವೂ ಕಾಣದ ಕಳೆ ಇತ್ತು.

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುತ್ತಾರೆ. ಇವನು ಇಡೀ ಊರಿನದು ಕೆತ್ತಲು ಕೂತ. ಬೆಳಿಗ್ಗೆಯೆಲ್ಲ ಕಂಪ್ಯೂಟರಿನ ಮುಂದೆ, ಮಧ್ಯಾಹ್ನವೆಲ್ಲ ನನ್ನ ಮೇಜಿನಲ್ಲಿ. ಸಿಕ್ಕಿದ್ದನ್ನು ಪ್ರಿಂಟು ತೆಗೆಸಿ ಬೂಟಿನ ಡಬ್ಬಿಗಳಲ್ಲಿ ಜೋಡಿಸಿಡುತ್ತಿದ್ದ. ಕ್ಲರ್ಕ್ ಇರ್ಮಾ ಹೋಲ್ಟ್‌ಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಆದರೆ ನಮ್ಮಲ್ಲಿ ಕೋರ್ಟಿನ ಕ್ಲರ್ಕನ್ನೂ ಜನರೇ ಆರಿಸುವುದು; ಅವಳು ಚುನಾವಣೆಯಲ್ಲಿ ಗೆದ್ದು ಆ ಕುರ್ಚಿಯಲ್ಲಿ ಕೂತವಳು, ಯಾರನ್ನೂ ಹೊರಗಟ್ಟುವಂತಿರಲಿಲ್ಲ. "ಪಬ್ಲಿಕ್ ರೆಕಾರ್ಡು ಕಣೇ. ಓದಬೇಡ ಅನ್ನೋಕಾಗುತ್ತಾ? ದೆವ್ವ ಬಂದು ಕೇಳಿದ್ರೂ ಕೊಡಲೇಬೇಕು. ಇವನಾದ್ರೆ ದಿನಾ ಬರ್ತಾನೆ" ಅನ್ನುತ್ತಿದ್ದಳು.

ಆರ್ವಿಲ್‌ನದು ಒಂದೇ ಮಂತ್ರ. "ನಾನು ಹೇಳ್ತಿಲ್ಲ ವರ್ನ್, ಕೋರ್ಟ್ ಹೇಳ್ತಿದೆ. ದಾಖಲೇಲಿ ಇದ್ರೆ ಸತ್ಯ, ಇಲ್ದಿದ್ರೆ ಗಾಳಿಮಾತು."

"ಹಾಗಾದ್ರೆ ನೀನು ಟಿಪ್ಸ್ ಇಡಲ್ಲ ಅನ್ನೋದೂ ಗಾಳಿಮಾತಾ?" ಎಂದು ಕೇಳಿದರೆ ಕಿಟಕಿಯ ಕಡೆ ತಿರುಗುತ್ತಿದ್ದ.

ಊರಿನವರೇನು ಕಡಿಮೆಯೇ! ಅವನ ಬೆನ್ನ ಹಿಂದೆ ಥೂ ಎಂದು ಉಗಿಯುವವರೇ ಮಗಳಿಗೊಬ್ಬ ಹುಡುಗ ಗಂಟುಬಿದ್ದ ಕೂಡಲೇ ಅವನ ಮೇಜಿಗೆ ಬಂದು ಪಿಸಪಿಸ ಮಾಡುತ್ತಿದ್ದರು. ನಾನು ಕಾಫಿ ಕೆಟಲ್ ಹಿಡಿದು ಹೋದರೆ ಮಾತು ನಿಲ್ಲಿಸಿ ಹವಾಮಾನದ ಬಗ್ಗೆ ಶುರು ಮಾಡುವರು. ರಸ್ತೆ ದಾಟಿ ಹೋಗಿ ತಾವೇ ನೋಡಬಹುದಿತ್ತು. ಆದರೆ ಆ ಕುರ್ಚಿಯಲ್ಲಿ ಕೂತದ್ದನ್ನು ಯಾರಾದರೂ ನೋಡಿದರೆ ಮಾನ ಹೋಗುತ್ತದಲ್ಲ. ಮಾನವಂತರ ಪರವಾಗಿ ಆರ್ವಿಲ್ ಕೂರುತ್ತಿದ್ದ.

ಇಂಥವನ ಕಣ್ಣು ನನ್ನ ಡಾರ್ಲಾ ಮೇಲೆ ಬಿತ್ತು.

ಡಾರ್ಲಾ ಫೆಂಟ್ರೆಸ್ ನನ್ನ ಹೋಟೆಲಿನಲ್ಲಿ ಹನ್ನೆರಡು ವರ್ಷ ಬಡಿಸಿದವಳು. ಮಾತು ಕಡಿಮೆ, ಕೈ ಚುರುಕು. ಗಂಡ ವೇಯ್ನ್‌ನ ಎರಡೂ ಕಿಡ್ನಿ ಕೆಡುತ್ತಾ ಬಂದಿದ್ದವು; ವಿಮೆಯಿಲ್ಲದೆ ಆ ಚಿಕಿತ್ಸೆ ಇಲ್ಲಿ ಬಡವರ ಕೈಗೆ ಎಟುಕದು. ನನ್ನಂಥವಳ ಹೋಟೆಲು ಯಾರಿಗೂ ವಿಮೆ ಕೊಡುವ ಸ್ಥಿತಿಯಲ್ಲಿಲ್ಲ. ಶಾಲಾ ಬಸ್ಸು ಓಡಿಸುವ ಕೆಲಸಕ್ಕೆ ಸಂಬಳ ಅಷ್ಟಕ್ಕಷ್ಟೇ, ಆದರೆ ಮನೆಮಂದಿಗೆಲ್ಲ ಆರೋಗ್ಯ ವಿಮೆ ಸಿಗುತ್ತದೆ. ಡಾರ್ಲಾ ಅರ್ಜಿ ಹಾಕಿದಳು, ದೊಡ್ಡ ಗಾಡಿಯ ಪರೀಕ್ಷೆ ಪಾಸು ಮಾಡಿದಳು, ಪೊಲೀಸ್ ತಪಾಸಣೆಯಲ್ಲಿ ಏನೂ ಬರಲಿಲ್ಲ. ಶಾಲಾ ಮಂಡಳಿಯ ಸಭೆಯಲ್ಲಿ ಕೈ ಎತ್ತಿ ಒಪ್ಪಿಗೆ ಕೊಡುವುದಷ್ಟೇ ಬಾಕಿ ಇತ್ತು.

ಆ ಸಭೆಯಲ್ಲಿ ಸಾರ್ವಜನಿಕರಿಗೆ ಮೂರು ನಿಮಿಷ ಮಾತಾಡಲು ಅವಕಾಶವಿರುತ್ತದೆ. ಆರ್ವಿಲ್ ಎದ್ದು ನಿಂತು ಜೇಬಿನಿಂದ ಒಂದು ಕಾಗದ ತೆಗೆದ.

"ಮಕ್ಕಳ ವಿಷಯ ನೋಡಿ, ಸುಮ್ನಿರೋಕಾಗಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಈ ಹೆಂಗಸಿನ ಮೇಲೆ ಕೇಸಾಗಿದೆ. ಏನಂತ? ವಾಹನ ಕಳವು! ಬೇರೆಯವರ ಪಿಕಪ್ ಟ್ರಕ್ ಕದ್ದೋಳ ಕೈಗೆ ಶಾಲೆ ಬಸ್ಸಿನ ಕೀ ಕೊಡ್ತೀರಾ? ನಾನು ಹೇಳ್ತಿಲ್ಲ, ಕೋರ್ಟ್ ಹೇಳ್ತಿದೆ."

ಸಭೆ ಗುಜುಗುಜು ಎಂದಿತು. ಡಾರ್ಲಾ ಎದ್ದು ನಿಂತು, "ಆ ಕೇಸು ಎರಡೇ ದಿನಕ್ಕೆ ವಜಾ ಆಯ್ತು" ಎಂದಷ್ಟೇ ಹೇಳಿ ಅಧ್ಯಕ್ಷ ಗ್ಲೆನ್ ಸ್ಟ್ರೌಸ್‌ನ ಮುಖ ನೋಡಿದಳು. ಗ್ಲೆನ್ ಗೊಬ್ಬರದ ಅಂಗಡಿಯ ಮಾಲೀಕ, ಚರ್ಚಿನ ಹಿರಿಯ. ಅವನು ತನ್ನ ಮುಂದಿದ್ದ ಕಾಗದಗಳನ್ನು ಇಸ್ಪೀಟಿನ ಎಲೆಗಳಂತೆ ಜೋಡಿಸುತ್ತಾ, "ವಜಾ ಆಗಿದ್ರೆ ಕೋರ್ಟಿಂದ ಒಂದು ಪತ್ರ ತಂದುಬಿಡಿ. ಮುಂದಿನ ಸಭೇಲಿ ನೋಡೋಣ" ಅಂದ. ಬಾಯಲ್ಲಿ ಕಡುಬು ತುರುಕಿದ ಹಾಗೆ ಮಾತು ಹೊರಟಿತು.

ಮರುದಿನ ನಾನು ಹೋಟೆಲಿಗೆ ಬೀಗ ಹಾಕಿ ಡಾರ್ಲಾಳ ಜೊತೆ ರಸ್ತೆ ದಾಟಿದೆ. ಇರ್ಮಾ ಹೆಸರು ಹೊಡೆದು ನೋಡಿ ಕನ್ನಡಕ ತೆಗೆದಳು.

"ಅಂಥ ಕೇಸು ಇಲ್ಲ ಡಾರ್ಲಾ."

"ಇಲ್ದೆ ಏನು? ಆರ್ವಿಲ್ ಪ್ರಿಂಟು ಹಿಡ್ಕೊಂಡು ಕುಣೀತಿದಾನೆ!" ಎಂದೆ ನಾನು.

ಡಾರ್ಲಾ ನಿಧಾನವಾಗಿ ಹೇಳಿದಳು. ಎರಡು ವರ್ಷದ ಹಿಂದೆ ಬಡವರ ಪರ ಕೆಲಸ ಮಾಡುವ ವಕೀಲೆಯೊಬ್ಬಳು ಚರ್ಚಿನ ನೆಲಮಾಳಿಗೆಯಲ್ಲಿ ಕೂತು, ವಜಾ ಆದ ಹಳೆಯ ಕೇಸುಗಳನ್ನು ದಾಖಲೆಯಿಂದಲೇ ಅಳಿಸಿಹಾಕಲು ಅರ್ಜಿ ಬರೆದುಕೊಟ್ಟಿದ್ದಳು. ಡಾರ್ಲಾ ತನ್ನದನ್ನೂ ಅಳಿಸಿಸಿದ್ದಳು. ಜಡ್ಜ್ ಹಾಗೆ ಆದೇಶ ಮಾಡಿದ ಮೇಲೆ ಯಾರು ಕೇಳಿದರೂ ಇರ್ಮಾ "ಅಂಥ ಕೇಸು ಇಲ್ಲ" ಎಂದೇ ಹೇಳಬೇಕು. ಆರೋಪವೂ ಹೋಯಿತು, ಅದನ್ನು ಕೋರ್ಟು ವಜಾ ಮಾಡಿದ ಪುಟವೂ ಹೋಯಿತು. ಅಳಿಸುವುದಕ್ಕೆ ಮೊದಲೇ ಆರ್ವಿಲ್ ತೆಗೆಸಿದ್ದ ಆರೋಪದ ಪುಟವೊಂದು ಮಾತ್ರ ಜಗತ್ತಿನಲ್ಲಿ ಉಳಿದಿತ್ತು, ಅದೂ ಅವನ ಬೂಟಿನ ಡಬ್ಬಿಯಲ್ಲಿ.

"ದೂರು ಕೊಟ್ಟವನು ಯಾರು? ಅವನನ್ನೇ ಎಳ್ಕೊಂಡು ಬರ್ತೀನಿ" ಎಂದೆ.

"ಅವರಿಗೆ ಗೊತ್ತು ವರ್ನ್ ಅಕ್ಕ. ಅವರೇ ಹೇಳ್ಬೇಕು. ನಾನು ಒಬ್ಬರಿಗೆ ಮಾತು ಕೊಟ್ಟಿದೀನಿ, ಬಾಯಿ ಬಿಡಲ್ಲ."

"ಗಂಡನ ಪ್ರಾಣಕ್ಕಿಂತ ಹೆಚ್ಚಾ ನಿನ್ನ ಮಾತು?"

ಅವಳು ಕೈಚೀಲ ಹೆಗಲಿಗೇರಿಸಿಕೊಂಡಳು. ಅಂಥವರನ್ನು ಕಂಡರೆ ನನಗೆ ಗೌರವಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. "ಇವಳ ಹೆಸರಿನಲ್ಲಿ ಯಾವ ದಾಖಲೆಯೂ ಇಲ್ಲ" ಎಂದು ಇರ್ಮಾ ಒಂದು ಪತ್ರಕ್ಕೆ ಮೊಹರು ಒತ್ತಿ ಕೊಟ್ಟಳು. ಅಷ್ಟೇ ಅವಳ ಕೈಲಾದದ್ದು.

ಮುಂದಿನ ಸಭೆಗೆ ಅರ್ಧ ಊರು ಬಂದಿತ್ತು. ಶಾಲೆಯ ಲೆಕ್ಕಪತ್ರದ ದಿನ ಒಬ್ಬ ನರಪಿಳ್ಳೆ ಬರುವುದಿಲ್ಲ. ಗ್ಲೆನ್ ಇರ್ಮಾಳ ಪತ್ರವನ್ನು ಓದಿ, ಎಲ್ಲಿಲ್ಲದ ಉತ್ಸಾಹದಿಂದ, "ದಾಖಲೆ ಇಲ್ಲ ಅಂತಿದೆ. ವಿಷಯ ಇಲ್ಲಿಗೆ ಮುಗೀತು" ಅಂದ.

ಆರ್ವಿಲ್ ಚೇಳು ಕುಟುಕಿದವನ ಹಾಗೆ ಎದ್ದ. "ಮುಗಿಯೋದೇನು? ಕಾಗದ ನನ್ನ ಕೈಲಿದೆ!"

ನಾನೂ ಎದ್ದೆ. "ದಾಖಲೇಲಿ ಇಲ್ದಿದ್ರೆ ಗಾಳಿಮಾತು ಅಂತ ನೀನೇ ಹೇಳ್ತಿದ್ದೆ ಮಾರಾಯ. ಹೋಗ್ಲಿ, ಕೇಸಿನ ಕೊನೆ ಏನಾಯ್ತು? ಎರಡನೇ ಪುಟ ತೋರಿಸು."

"ಎರಡನೇದು ನಾನು ತೆಗೆಸಿಲ್ಲ."

"ಯಾಕೆ?"

"ಒಂದೊಂದು ಪುಟಕ್ಕೂ ಒಂದೊಂದು ಡಾಲರ್ ಕೇಳ್ತಾರೆ."

ಇರ್ಮಾ ಹಿಂದಿನ ಸಾಲಿನಿಂದ ಕೂಗಿದಳು: "ಅವನು ಯಾರದ್ದೂ ಎರಡನೇ ಪುಟ ತೆಗೆಸಿದ್ದೇ ಇಲ್ಲ! ಏಳು ವರ್ಷದಲ್ಲಿ ಒಂದೂ ಇಲ್ಲ!"

ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಆ ಏಳು ವರ್ಷ ಅವನ ಮೊದಲ ಪುಟಗಳನ್ನು ನಂಬಿ ಮಕ್ಕಳ ಮದುವೆ ಮುರಿದವರೂ ನಕ್ಕರು. ಆದರೆ ನಕ್ಕಮಾತ್ರಕ್ಕೆ ಮನಸ್ಸು ಬದಲಾಗುತ್ತದೆಯೇ? ಮಂಡಳಿಯ ಔಷಧಿ ಅಂಗಡಿಯಾಕೆ ಮೂಗು ಮುರಿದು, "ಬೆಂಕಿ ಇಲ್ದೆ ಹೊಗೆ ಆಡುತ್ತಾ? ಮಕ್ಕಳ ವಿಷಯ. ಇನ್ನೊಬ್ಬ ಡ್ರೈವರ್ ನೋಡಿದ್ರಾಯ್ತು" ಅಂದಳು. ಪಕ್ಕದವರಿಬ್ಬರು ತಲೆಯಾಡಿಸಿದರು. ಐವರ ಮಂಡಳಿಯಲ್ಲಿ ಮೂವರು ಅಂದರೆ ಡಾರ್ಲಾಳ ಕಥೆ ಮುಗಿದ ಹಾಗೆ. ಅವಳು ಕೈಚೀಲ ತೆಗೆದುಕೊಂಡು ಏಳುವುದನ್ನು ನೋಡಿದೆ. ಗ್ಲೆನ್ ಮತ್ತೆ ಕಾಗದ ಜೋಡಿಸತೊಡಗಿದ.

ಆಗ ಹಿಂದಿನ ಸಾಲಿನಲ್ಲಿ ಗ್ಲೆನ್‌ನ ಹೆಂಡತಿ ಪೆಗ್ಗಿ ಎದ್ದು ನಿಂತಳು. ಚರ್ಚಿನಲ್ಲಿ ಹಾಡುವುದು ಬಿಟ್ಟರೆ ಆಕೆಯ ದನಿಯನ್ನು ಊರು ಕೇಳಿದ್ದಿಲ್ಲ.

"ಆ ಟ್ರಕ್ಕಲ್ಲಿ ಇದ್ದೋಳು ನಾನು. ಆಗ ನಾವೆಲ್ಲ ಕಲ್ಲು ಕ್ವಾರಿ ಹತ್ರ ಇದ್ವಿ, ಡಾರ್ಲಾ ಪಕ್ಕದ ಮನೆ ಹುಡುಗಿ. ನನಗೆ ಹೆರಿಗೆ ನೋವು ಶುರುವಾಗಿತ್ತು. ಮನೆ ಯಜಮಾನ ಕುಡಿದು ಸೋಫಾ ಮೇಲೆ ಬಿದ್ದಿದ್ದ, ಎಬ್ಬಿಸಿ ಎಬ್ಬಿಸಿ ಸೋತೆ. ಇವಳು ಬಂದು ಅವನ ಜೇಬಿಂದ ಕೀ ತೆಗೆದು, ನನ್ನ ಹತ್ತಿಸ್ಕೊಂಡು ಆಸ್ಪತ್ರೆಗೆ ಓಡಿಸಿದ್ಲು. ಬೆಳಗ್ಗೆ ಎದ್ದ ಮಹಾಶಯ ಷೆರಿಫ್‌ಗೆ ಫೋನ್ ಮಾಡಿದ, ಟ್ರಕ್ ಕಳುವಾಗಿದೆ ಅಂತ. ಹೆಂಡ್ತಿ ಮನೇಲಿಲ್ಲ ಅನ್ನೋದು ಅವನ ಗಮನಕ್ಕೇ ಬಂದಿರಲಿಲ್ಲ."

ಯಾರೂ ನಗಲಿಲ್ಲ. ಎಲ್ಲರೂ ಅಧ್ಯಕ್ಷನ ಕುರ್ಚಿಯ ಕಡೆ ತಿರುಗಿದರು.

"ಮಗಳಿಗೆ ಗೊತ್ತಾಗೋದು ಬೇಡ ಅಂತ ಆಸ್ಪತ್ರೆ ಮಂಚದ ಮೇಲೆ ಇವಳ ಹತ್ರ ಭಾಷೆ ತಗೊಂಡಿದ್ದೆ. ಇವಳು ಇಟ್ಕೊಂಡ್ಲು. ನಾವು ಗಂಡ ಹೆಂಡ್ತಿ ಇಬ್ರೂ ಹೋದ ಸಭೇಲಿ ಸುಮ್ನೆ ಕೂತು ನೋಡ್ತಿದ್ವಿ" ಅಂದಳು ಪೆಗ್ಗಿ.

ಇಂಥ ಹೊತ್ತಿನಲ್ಲೂ ಆರ್ವಿಲ್ ಬಾಯಿ ಬಿಟ್ಟ. "ಇದಕ್ಕೆ ದಾಖಲೆ ಏನಿದೆ ಪೆಗ್ಗಿ?"

"ದಾಖಲೆ ಕಾಲೇಜಲ್ಲಿ ಓದ್ತಿದಾಳೆ, ಆ ರಾತ್ರಿ ಹುಟ್ಟಿದ ಮಗಳು. ಮಧ್ಯಾಹ್ನ ಅವಳಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ."

ಗ್ಲೆನ್ ಜೋಡಿಸಿದ್ದ ಕಾಗದಗಳನ್ನು ಪಕ್ಕಕ್ಕೆ ಸರಿಸಿದ. ಕುಡಿತ ಬಿಟ್ಟು ಎಷ್ಟೋ ವರ್ಷವಾದವನು, ನಾಲ್ಕು ಜನರಿಗೆ ಬುದ್ಧಿ ಹೇಳುವವನು. ತನ್ನ ಮಾನ ಉಳಿಸಿಕೊಳ್ಳಲು ಒಬ್ಬ ರೋಗಿಯ ಔಷಧಿಯನ್ನೇ ಬಲಿಕೊಡಲು ಕೂತಿದ್ದ. ಕೊನೆಗೆ, "ಹೌದು. ದೂರು ಕೊಟ್ಟೋನು ನಾನೇ, ವಾಪಸ್ ತಗೊಂಡೋನೂ ನಾನೇ. ಡಾರ್ಲಾ, ನನ್ನ ಕ್ಷಮಿಸು" ಎಂದು ಮೊದಲು ಕೈ ಎತ್ತಿದ. ಉಳಿದ ನಾಲ್ಕು ಕೈಗಳೂ ಎದ್ದವು. ಔಷಧಿ ಅಂಗಡಿಯಾಕೆಯ ಕೈ ಎಲ್ಲರದ್ದಕ್ಕಿಂತ ಎತ್ತರದಲ್ಲಿತ್ತು.

ಡಾರ್ಲಾಗೆ ಕೆಲಸ ಸಿಕ್ಕಿತು. ಜನ ಅವಳನ್ನು ಮುತ್ತಿಕೊಂಡು, "ನಮಗೆ ಮೊದಲೇ ಗೊತ್ತಿತ್ತು ಬಿಡು" ಎಂದು ಕೈ ಕುಲುಕಿದರು. ನಾನು ನಮ್ಮ ಕೋಟುಗಳನ್ನು ತರಲು ಹೋದೆ.

ಎಲ್ಲ ಚದುರಿದ ಮೇಲೆ ನಾವು ಬಾಗಿಲ ಬಳಿ ಕೋಟು ಹಾಕಿಕೊಳ್ಳುತ್ತಿದ್ದೆವು. ಆರ್ವಿಲ್ ಹತ್ತಿರ ಬಂದ. ಅವನ ಜೊತೆ ಯಾರೂ ಇರಲಿಲ್ಲ. ಅವನು ಆ ಕಾಗದವನ್ನು ಡಾರ್ಲಾಳ ಕಡೆ ಚಾಚಿದ. ಆ ಕೇಸಿನದೆಂದು ಲೋಕದಲ್ಲಿ ಉಳಿದಿದ್ದ ಒಂದೇ ಹಾಳೆ ಅದು.

"ತಗೋ. ಹರಿದುಹಾಕು ಬೇಕಿದ್ರೆ" ಅಂದ.

ಡಾರ್ಲಾ ಕೋಟಿನ ಗುಂಡಿ ಹಾಕಿಕೊಂಡಳು. ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಬಂದಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

"ಬೇಡ, ನೀವೇ ಇಟ್ಕೊಳ್ಳಿ ಆರ್ವಿಲ್. ನಿಮ್ಮ ಹತ್ರ ಬೇರೆ ಏನಿದೆ?"

ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡ.